ಕೊಬ್ಬರಿ ಕಚ್ಚುವ ಕೆಳದವಡೆ

ಕಟ್ಟಿಸಿಕೊಂಡ ಹಲ್ಲುಗಳಲ್ಲಿ ಮೇಲಿನ ಸೆಟ್ಟು ಸಂಸಾರಸ್ಥ, ಕೆಳಗಿನದು ಅಲೆಮಾರಿ. ಮೇಲಿನದಕ್ಕೆ ಅಂಟಿಕೊಳ್ಳಲು ಅಂಗುಳವಿದೆ. ಕೆಳಗಿನದಕ್ಕೆ ಇರುವುದು ಸವೆದ ಒಂದು ದಿಣ್ಣೆ, ಪಕ್ಕದಲ್ಲೇ ಸುಮ್ಮನಿರದ ನಾಲಿಗೆ. ನನ್ನ ನಾಲಿಗೆ ಸುಮ್ಮನಿದ್ದದ್ದನ್ನಂತೂ ಕಂಡವರೇ ಇಲ್ಲವೆಂದು ಹೆಂಡತಿ ಗಿರಿಜ ಹೇಳುತ್ತಾಳೆ. ಹೀಗಾಗಿ ಆರು ವರ್ಷ ನನ್ನ ಕೆಳಗಿನ ಸೆಟ್ಟು ಬಾಯಲ್ಲಿದ್ದದ್ದಕ್ಕಿಂತ ಅಂಗಿಯ ಜೇಬಿನಲ್ಲಿದ್ದದ್ದೇ ಹೆಚ್ಚು. ಅಜ್ಜಂಪುರದ ಒಂದು ಮದುವೆಯಲ್ಲಿ "ಇಲ್ಲೊಂದು ಹೋಳಿಗೆ" ಎಂದು ಕೂಗಿದ್ದೇ ತಡ, ಅದು ಎಲೆಯ ಮೇಲೆ ಬಂದು ಕೂತಿತು. ಬಡಿಸುವವನು ಅದರ ಪಕ್ಕಕ್ಕೇ ಮರ್ಯಾದೆಯಿಂದ ಹೋಳಿಗೆ ಇಟ್ಟು ಮುಂದೆ ಹೋದ.

ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ನಾನು ಕಡೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟವನು. ನಮ್ಮಲ್ಲಿ ರೈತ ಚೀಲ ಬಿಚ್ಚಿದ ಕೂಡಲೇ ಒಂದು ಇಡೀ ಕೊಬ್ಬರಿ ಗಿಟುಕು ಒಡೆದು, ಚೂರನ್ನು ಮಂಡಿಯ ಹಿರಿಯನ ಕೈಗಿಡುತ್ತಾನೆ. ಹಿರಿಯ ಕಚ್ಚಿ, ಎರಡು ಸಲ ಅಗಿದು, "ಒಣಗಿದೆ" ಅಥವಾ "ಹಸಿಯಿದೆ" ಎಂದರೆ ಮುಗಿಯಿತು, ಮೇಲ್ಮನವಿ ಇಲ್ಲ. ನಮ್ಮಪ್ಪ ಎಂಬತ್ತರವರೆಗೂ ಸ್ವಂತ ಹಲ್ಲಿನಲ್ಲಿ ಈ ತೀರ್ಪು ಕೊಟ್ಟರು. ನಾನು ಅರವತ್ತೊಂದಕ್ಕೇ ಅಲುಗಾಡುವ ಸೆಟ್ಟಿನಲ್ಲಿ ಹೇಗೋ ನಿಭಾಯಿಸುತ್ತಿದ್ದೆ. ಅಷ್ಟರಲ್ಲಿ, ಮಂಡಿಯಲ್ಲಿ ಜೊತೆಗಿರುವ ನನ್ನ ತಮ್ಮ ತೇವ ಅಳೆಯುವ ಮೆಷಿನ್ ತರುವ ಮಾತೆತ್ತಿದ. ಬ್ಯಾಟರಿ ಹಾಕುವ ಡಬ್ಬಿಯೊಂದು ಅಪ್ಪನ ಜಾಗದಲ್ಲಿ, ನನ್ನ ಜಾಗದಲ್ಲಿ ಕೂರುವುದೆಂದರೆ ನನಗೆ ಹೊಟ್ಟೆ ಉರಿಯಿತು. ಮಾರನೆಯ ದಿನವೇ ತರೀಕೆರೆಯ ಬಸ್ಸು ಹತ್ತಿದೆ.

ಅಲ್ಲಿನ ಡಾಕ್ಟರಮ್ಮ, ದವಡೆಯ ಮೂಳೆಯೊಳಗೆ ಎರಡು ಇಂಪ್ಲಾಂಟ್ ಕೂರಿಸಿ ಅವುಗಳ ಮೇಲೆ ಸೆಟ್ಟನ್ನು ಗುಂಡಿ ಹಾಕಿದಂತೆ ಒತ್ತಿ ಸಿಕ್ಕಿಸಬಹುದೆಂದರು. ಇಂಪ್ಲಾಂಟ್ ಎಂದರೆ ತಿರುಪಿನಂಥ ಲೋಹದ ಗೂಟ. ತೋಟದ ಸುತ್ತ ಕಲ್ಲುಕಂಬ ನೆಡಿಸಿದ ನನಗೆ ಗೂಟದ ವಿಷಯ ಯಾರಾದರೂ ಹೇಳಿಕೊಡಬೇಕೆ? "ಉದ್ದಂದು ಹಾಕ್ಬಿಡಿ ಮೇಡಂ. ಆಳಕ್ಕಿಳಿದಷ್ಟೂ ಗಟ್ಟಿ" ಎಂದೆ.

ಅವರು ಕಂಪ್ಯೂಟರಿನಲ್ಲಿ ಒಂದು ದವಡೆ ತೋರಿಸಿದರು. ಸಪೂರ ಗೂಟದ ಕುತ್ತಿಗೆಯ ಸುತ್ತ ಮೂಳೆ ಕೆಂಪಗಿತ್ತು, ದಪ್ಪ ಗೂಟದ ಸುತ್ತ ತಣ್ಣಗೆ ನೀಲಿ. "ಕಚ್ಚಿದಾಗ ಒತ್ತಡ ಜಾಸ್ತಿ ಬೀಳೋದು ಈ ಕೆಂಪಗಿರೋ ಕುತ್ತಿಗೆ ಹತ್ರ. ಉದ್ದಕ್ಕಿಂತ ದಪ್ಪ ಮುಖ್ಯ. ದಪ್ಪ ಇದ್ರೆ ಭಾರ ಹರಡ್ಕೊಳತ್ತೆ" ಎಂದರು.

"ಹಂಗಾರೆ ಇರೋದ್ರಲ್ಲೆಲ್ಲ ದಪ್ಪಂದೇ ಹಾಕಿ."

"ನಿಮ್ಮ ಮೂಳೆ ಅಗಲ ಇಷ್ಟೇ ಇರೋದು. ಅಷ್ಟು ದಪ್ಪಂದು ಹಾಕಿದ್ರೆ ಗೂಟ ಉಳಿಯತ್ತೆ, ದವಡೆ ಉಳಿಯಲ್ಲ."

ನಾನು ವ್ಯಾಪಾರದವನು, ಬಿಡಲಿಲ್ಲ. ಅರ್ಧ ಗಂಟೆ ಚೌಕಾಸಿ ಮಾಡಿ ನಡುವಿನ ಅಳತೆಗೆ ಅವರನ್ನು ಒಪ್ಪಿಸಿದೆ. ಚೀಟಿ ನೋಡಿದರೆ ಅವರು ಮೊದಲೇ ಬರೆದಿಟ್ಟದ್ದು ಅದೇ ಅಳತೆ.

ಕೆಲವು ತಿಂಗಳ ನಂತರ ಸೆಟ್ಟು ಟಕ್ಕೆಂದು ಕೂತಿತು. ಆ ವಾರವೇ, ಇಪ್ಪತ್ತು ವರ್ಷದಿಂದ ನಮಗೇ ಮಾಲು ಹಾಕುವ ಚೌಳಹಿರಿಯೂರಿನ ತಿಮ್ಮಣ್ಣ ಚೀಲ ಬಿಚ್ಚಿ ಚೂರು ಕೊಟ್ಟ. ನಾನು ಕಣ್ಣು ಮುಚ್ಚಿ, ಇಡೀ ಮಂಡಿಗೆ ಕೇಳುವಂತೆ ಕಚ್ಚಿದೆ. ಕಟುಂ ಎಂದಿತು. ಸೆಟ್ಟು ಕೂದಲೆಳೆಯಷ್ಟೂ ಅಲುಗಲಿಲ್ಲ. ಎಷ್ಟು ಸಂತೋಷವಾಯಿತೆಂದರೆ ಅಗಿಯುವುದನ್ನೂ ಮರೆತೆ. "ಒಣಗಿದೆ. ಒಂದನೇ ನಂಬರು ಮಾಲು" ಎಂದೆ.

ತಮ್ಮ ಇನ್ನೊಂದು ಗಿಟುಕು ಒಡೆದ. ಒಳಗೆ ಬೆರಳಿಗಂಟುವ ತೇವ. ಮತ್ತೊಂದು ಒಡೆದ, ಅದೂ ಅಷ್ಟೇ. ಯಾರೂ ನಗಲಿಲ್ಲ. ನಕ್ಕಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ತಿಮ್ಮಣ್ಣನೇ ನನ್ನನ್ನು ಪಕ್ಕಕ್ಕೆ ಕರೆದ. "ಹಸಿ ಐತೆ ಅಂತ ನಂಗೊತ್ತಿತ್ತು ಕಣಣ್ಣ. ಆರು ವರ್ಷದಿಂದ ನೀವು ಚೂರು ಕೆನ್ನೆಗಿಟ್ಕಂಡು ನಮ್ಮ ಮುಖ ನೋಡ್ತಿದ್ರಿ. ಮುಖ ನೋಡೇ ಸರಿಯಾಗಿ ಹೇಳ್ತಿದ್ರಿ. ಇವತ್ಯಾಕೆ ಕಣ್ಣು ಮುಚ್ಕಂಡ್ರಿ?"

ಆ ಗುಟ್ಟು ನನಗೊಬ್ಬನಿಗೇ ಗೊತ್ತೆಂದುಕೊಂಡಿದ್ದೆ. ನಾಚಿಕೆಯಿಂದ ಎರಡು ದಿನ ಮಂಡಿಯ ಕಡೆ ತಲೆಹಾಕಲಿಲ್ಲ. ಮೂರನೆಯ ದಿನದಿಂದ ಮತ್ತೆ ಚೂರನ್ನು ಕೆನ್ನೆಗೆ ಒತ್ತರಿಸಿ, ಎದುರಿನವನನ್ನು ನೆಟ್ಟಗೆ ನೋಡುತ್ತಿದ್ದೇನೆ. ತೀರ್ಪು ತಪ್ಪುತ್ತಿಲ್ಲ, ತಮ್ಮನೂ ಮೆಷಿನ್ನಿನ ಮಾತು ಬಿಟ್ಟಿದ್ದಾನೆ.

ಮೊನ್ನೆ ತರೀಕೆರೆಗೆ ಹೋದಾಗ ಡಾಕ್ಟರಮ್ಮ ಎಕ್ಸ್‌ರೇ ನೋಡಿ ಬಹಳ ಮೆಚ್ಚಿಕೊಂಡರು. "ಗೂಟದ ಸುತ್ತ ಮೂಳೆ ಒಂಚೂರೂ ಸವೆದಿಲ್ಲ. ಗಟ್ಟಿ ಪದಾರ್ಥದ ತಂಟೆಗೇ ನೀವು ಹೋಗಲ್ಲ ಅನ್ಸತ್ತೆ. ಏನು ಕೆಲಸ ನಿಮ್ದು?"

"ಕೊಬ್ಬರಿ ಕಚ್ಚಿ ನೋಡೋದು" ಎಂದೆ.