ದೋಣಿಯಲ್ಲಿ ಸೀಟು ಹಿಡಿದದ್ದು

ನಾಲ್ಕು ಜನ ಸೇರಿ ಹೊರಟರೆ ಎಡವಟ್ಟು ಐದನೆಯದಾಗಿ ಬಂದೇ ಬರುತ್ತದೆ, ಕರೆಯಬೇಕಾಗಿಲ್ಲ. ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿದ್ದ ನಾವು ಭಾನುವಾರ ಬಂದರೆ ಕೆಂಗೇರಿಯಾಚೆಯ ಬೆಟ್ಟ ಹತ್ತುತ್ತಿದ್ದೆವು. ಒಮ್ಮೆ ಬೆಟ್ಟ ಬೇಜಾರಾಗಿ, ಕಾರವಾರದ ಹತ್ತಿರದ ಒಂದು ದ್ವೀಪದ ದಡ ನಡೆದು ಬರೋಣವೆಂದು ಹೊರಟೆವು.

೧. ಮಾತು ಕೊಟ್ಟದ್ದು

ನಮ್ಮ ನಾಯಕರು ಫೋರ್‌ಮನ್ನರು. ವಿಜಯನಗರದವರು, ವಿಭೂತಿ ಇಟ್ಟುಕೊಳ್ಳದೆ ಕಾಫಿ ಮುಟ್ಟದವರು. ಹೊರಡುವ ಹೊತ್ತಿಗೆ ಸುದ್ದಿ ಬಂತು: ಸೋಮವಾರ ಬೆಳಿಗ್ಗೆ ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ. ಮಗಳಿಗೆ ಮೊದಲು ಬಿ.ಎಸ್ಸಿ. ಮುಗಿಸುವ ಆಸೆ, ಅವಳನ್ನು ಯಾರೂ ಕೇಳಲಿಲ್ಲ.

"ಹೋಗ್ಲೇಬೇಡಿ" ಅಂದರು ಹೆಂಡತಿ.

"ಅಷ್ಟೊತ್ತಿಗೆ ಬಂದಿರ್ತೀನಿ ಕಣೇ. ನಾನಿಲ್ದೆ ಸಂಬಂಧ ಕೂಡುತ್ತಾ?"

೨. ಟವಲ್ ಹಾಸಿದ್ದು

ದೋಣಿಯವನು ನಮ್ಮನ್ನು ದ್ವೀಪದಲ್ಲಿ ಇಳಿಸಿ, "ನಾಲ್ಕು ಗಂಟೆಗೆ ಇಲ್ಲೇ ಇರಿ. ತಪ್ಪಿದರೆ ನಾಳೆಯೇ ದೋಣಿ" ಅಂದ. ಫೋರ್‌ಮನ್ನರು ತಕ್ಷಣ ನಮ್ಮ ನಾಲ್ವರ ಟವಲ್ ಕಿತ್ತುಕೊಂಡು ಹಲಗೆಗಳ ಮೇಲೆ ಹಾಸಿದರು. ಬಿನ್ನಿಪೇಟೆ ಬಸ್ಸಿನ ಕಿಟಕಿಯಲ್ಲಿ ಕರ್ಚೀಫು ಎಸೆದು ಎಸೆದು ಪಳಗಿದ ಕೈ.

"ವಾಪಸ್ ಬರ್ತಾ ಈ ಸೀಟು ನಮ್ದು. ಯಾರ್ನೂ ಕೂರಿಸ್ಬೇಡಪ್ಪಾ."

ದೋಣಿಯವನು ನಮ್ಮನ್ನೊಮ್ಮೆ ನೋಡಿದ, ಸುತ್ತಲಿನ ಖಾಲಿ ಸಮುದ್ರವನ್ನೊಮ್ಮೆ ನೋಡಿದ. "ಆಯ್ತು ಮಾರಾಯ್ರೆ" ಅಂದ.

೩. ಬಾಣ ಬರೆದದ್ದು

ದಾರಿ ತಪ್ಪದಿರಲೆಂದು ಬೆಟ್ಟದ ಬಂಡೆಗಳ ಮೇಲೆ ಸುಣ್ಣದಲ್ಲಿ ಬಾಣ ಬರೆಯುವುದು ಫೋರ್‌ಮನ್ನರ ಪದ್ಧತಿ. ಇಲ್ಲಿ ಕೋಲು ಹಿಡಿದು ಮರಳಿನ ಮೇಲೆ ಬರೆಯುತ್ತಾ ಹೋದರು. ಚಿತ್ರಾನ್ನ ತಿಂದು, ಒಂದು ನಿದ್ದೆ ತೆಗೆದು ತಿರುಗಿದರೆ ಬಾಣವೂ ಇಲ್ಲ, ಮರಳೂ ಇಲ್ಲ. ನೀರು ಬಂಡೆಯ ಬುಡಕ್ಕೆ ಬಂದಿತ್ತು.

"ಬೆಳಿಗ್ಗೆ ಅಲ್ಲಿತ್ತಲ್ರೀ ಸಮುದ್ರ! ಹೇಳ್ದೆ ಕೇಳ್ದೆ ಇಲ್ಲಿಗ್ಯಾಕ್ರೀ ಬಂತು?" ಅಂದರು ಫೋರ್‌ಮನ್ನರು.

೪. ದೋಣಿ ಕಾದದ್ದು

ಬಂಡೆಗಳ ಮೇಲೆ ತೆವಳಿಕೊಂಡು ಬರುವಷ್ಟರಲ್ಲಿ ನಾಲ್ಕು ದಾಟಿ ಎಷ್ಟೋ ಹೊತ್ತಾಗಿತ್ತು. ಫೋರ್‌ಮನ್ನರು ದಾರಿಯುದ್ದಕ್ಕೂ "ಮಗಳ ಬಾಳು ಹಾಳು ಮಾಡ್ಬಿಟ್ನಲ್ಲೋ" ಎಂದು ಗೋಳಾಡಿದರು. ನೋಡಿದರೆ ದೋಣಿ ಅಲ್ಲೇ ಇತ್ತು! ದ್ವೀಪದ ಆಚೆ ಬದಿಯಿಂದ ಹತ್ತಿದ್ದ ಮೀನು ಮಾರುವ ಹೆಂಗಸರು ನಿಂತುಕೊಂಡೇ ನಮಗೆ ಸಹಸ್ರನಾಮ ಮಾಡುತ್ತಿದ್ದರು.

"ಟವಲ್ ಹಾಕಿದವರನ್ನು ಬಿಟ್ಟು ಹೋಗೋದು ಹ್ಯಾಗೆ?" ಅಂದ ದೋಣಿಯವನು. "ನಿಮ್ಮ ಜಾಗದಲ್ಲಿ ಒಂದು ನರಪಿಳ್ಳೆಯನ್ನೂ ಕೂರಿಸಲಿಲ್ಲ. ಟವಲ್ ಮೇಲೆ ಮೀನಿನ ಬುಟ್ಟಿ ಮಾತ್ರ ಇಟ್ಟೆ."

೫. ಹೆಣ್ಣು ನೋಡಲು ಬಂದದ್ದು

ರಾತ್ರಿ ಬಸ್ಸು ಸಿಕ್ಕಿತು. ನಮ್ಮ ಮೂಗು ಆ ಮೀನಿನ ವಾಸನೆಗೆ ಆಗಲೇ ಒಗ್ಗಿಹೋಗಿತ್ತು, ಅದೇ ಬಂದ ಗ್ರಹಚಾರ. ಬೆಳಿಗ್ಗೆ ಫೋರ್‌ಮನ್ನರ ಚೀಲ ಹೊತ್ತು ನಾನೂ ಅವರ ಮನೆಗೆ ಹೋದೆ. ಗಂಡಿನ ಕಡೆಯವರು ಆಗಷ್ಟೇ ಬಂದು ಕೂತಿದ್ದರು. ಎಲ್ಲರ ಹಣೆಯಲ್ಲೂ ಮೂರು ಪಟ್ಟೆ ವಿಭೂತಿ. ಫೋರ್‌ಮನ್ನರು ಗೆದ್ದವರ ಹಾಗೆ ಒಳಗೆ ಬಂದು, ಚೀಲದಿಂದ ಟವಲ್ ತೆಗೆದು, ಚೆನ್ನಾಗಿ ಒದರಿ, ಮುಖ ಒರೆಸಿಕೊಂಡು ಹೆಗಲಿಗೆ ಹಾಕಿಕೊಂಡರು.

ಗಂಡಿನ ತಂದೆ ಅಡುಗೆಮನೆಯ ಕಡೆ ನೋಡಿದರು. ಗಂಡಿನ ತಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಕಾಫಿ ಬರುವಷ್ಟರಲ್ಲಿ ಕುರ್ಚಿಗಳೆಲ್ಲ ಖಾಲಿ.

ಹೆಂಡತಿ ಮೂರು ದಿನ ಮಾತು ಬಿಟ್ಟರು. ಮಗಳು ಮಾತ್ರ ಆ ಟವಲನ್ನು ತಾನೇ ಒಗೆದು, ಮಡಿಸಿ ಅಪ್ಪನ ಕೈಗೆ ಕೊಟ್ಟು ಅಂದಳಂತೆ: "ಅಪ್ಪಾ, ಮತ್ತೆ ಯಾರಾದ್ರೂ ನೋಡೋಕೆ ಬರ್ತೀವಿ ಅಂದ್ರೆ, ಹಿಂದಿನ್ ದಿನ ದ್ವೀಪಕ್ಕೆ ಹೋಗ್ಬಿಟ್ಟು ಬನ್ನಿ."