ಭಾವನವರ ಗುಹಾಯಾನ

ನನ್ನ ಭಾವನವರು ದಿನವೂ ಬೆಳಿಗ್ಗೆ ಹತ್ತು ಗಂಟೆಗೆ ಬಾಹ್ಯಾಕಾಶಕ್ಕೆ ಹೊರಟು, ಮಧ್ಯಾಹ್ನದ ಊಟದ ಹೊತ್ತಿಗೆ ನಾವುಂದದ ಮನೆಗೆ ವಾಪಸಾಗುತ್ತಾರೆ. ನಗಬೇಡಿ! ದೇಶದೇಶಗಳು ವರ್ಷಗಟ್ಟಲೆ ತಯಾರಿ ನಡೆಸಿ ಮಾಡುವ ಕೆಲಸವನ್ನು ಈ ಮನುಷ್ಯ ಪಂಚೆ ಉಟ್ಟು, ಚಾವಡಿಯ ಮಂಚದ ಪಕ್ಕ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ಬಲಗೈಯ ಹೆಬ್ಬೆರಳೊಂದರಿಂದಲೇ ಮುಗಿಸುತ್ತಾರೆ. ವಾಪಸು ಬಂದು ಕೈಕಾಲು ತೊಳೆದು, ತಾವೇ ಮಾಡಿಟ್ಟ ಬಂಗುಡೆ ಸಾರನ್ನು ಹೆಂಡತಿಗೂ ಬಡಿಸಿ ತಾವೂ ಉಣ್ಣುತ್ತಾರೆ. ಗಗನಯಾತ್ರಿಗಳ ಚರಿತ್ರೆಯಲ್ಲಿ ಇಂಥದ್ದು ಬೇರೆಲ್ಲೂ ನಡೆದಿರಲಿಕ್ಕಿಲ್ಲ.

ಅವರ ವಾಹನ ಮೊಬೈಲಿನೊಳಗಿನ ಒಂದು ಆಟ. ಅದನ್ನು ಹಾಕಿಕೊಟ್ಟ ಪಾಪಿ ನಾನೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅದರಲ್ಲೊಂದು ಪುಟ್ಟ ಹಡಗು, ನೀರಿನದ್ದಲ್ಲ, ಆಕಾಶದ್ದು. ಅದು ತಾನಾಗಿಯೇ ಮುಂದೆ ಓಡುತ್ತದೆ. ಬೆರಳೊತ್ತಿದರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಮೇಲೂ ಕಲ್ಲು, ಕೆಳಗೂ ಕಲ್ಲು, ನಡುವೆ ಮುಗಿಯದ ಗುಹೆ. ಎಲ್ಲಾದರೂ ತಾಗಿತೋ, ಢಂ! ಚಿತ್ರಗಳೆಲ್ಲ ಚೌಕಚೌಕ, ಸದ್ದೆಲ್ಲ ಕೀಂಕೀಂ. ನಲವತ್ತು ವರ್ಷ ಹಿಂದಿನ ಆಟದಂತೆ ಕಾಣಲೆಂದೇ ಈಗಿನವರು ಕಷ್ಟಪಟ್ಟು ಹಾಗೆ ಮಾಡಿದ್ದಂತೆ. ಭಾವನವರು ಮೊದಲ ಸಲ ನೋಡಿ ಗಾಬರಿಯಾದರು.

"ಎಂತ ಮಾರಾಯ, ಚಿತ್ರ ಎಲ್ಲ ಪುಡಿಪುಡಿ ಆಯ್ತಲೆ? ಮೊಬೈಲ್ ಹಾಳಾಯ್ತಾ?"

"ಇಲ್ಲೆ ಭಾವ, ಹೊಸ ಆಟವೇ. ಹಳೇದರ ಹಾಂಗೆ ಕಾಂಬುಕೆ ಬೇಕಂತ್ಲೇ ಮಾಡಿದ್ದ್."

"ಹಳೇ ಬಸ್ಸಿಗೆ ಹೊಸ ಪೇಂಟ್ ಹೊಡುದ್ ಕಂಡಿದೆ. ಹೊಸ ಬಸ್ಸಿಗೆ ಹಳೇ ಪೇಂಟ್ ಹೊಡುದ್ ಇದೇ ಸುರು!"

ಬಸ್ಸಿನ ಮಾತು ಸುಮ್ಮನೆ ಬಂದದ್ದಲ್ಲ. ಭಾವನವರು ಬೈಂದೂರು–ಕುಂದಾಪುರ ನಡುವೆ ಮೂವತ್ತನಾಲ್ಕು ವರ್ಷ ಖಾಸಗಿ ಬಸ್ಸು ಓಡಿಸಿದವರು. ನಮ್ಮ ಕಡೆಯ ಖಾಸಗಿ ಬಸ್ಸೆಂದರೆ ಬರಿಯ ವಾಹನವಲ್ಲ. ಮುಂದಿನ ಬಸ್ಸು ಯಾವಾಗಲೂ ಎರಡು ನಿಮಿಷದಲ್ಲಿ ತಪ್ಪಿಸಿಕೊಂಡಿದೆ, ಹಿಂದಿನದ್ದು ಎರಡು ನಿಮಿಷದಲ್ಲಿ ಹಿಡಿಯಲಿದೆ ಎಂಬ ತತ್ವಜ್ಞಾನ. ಅಂಥ ರಸ್ತೆಯಲ್ಲಿ ಅವರು ಒಂದು ಕೋಳಿಗೂ ಟಯರು ತಾಗಿಸಲಿಲ್ಲ.

ಆ ಬಸ್ಸನ್ನು ಅವರು ಬಿಟ್ಟದ್ದು ನನ್ನ ಅಕ್ಕನಿಗಾಗಿ. ಹೋದ ಮಳೆಗಾಲದ ಕೊನೆಗೆ ಅಕ್ಕ ಹಿತ್ತಲಲ್ಲಿ ಅಬ್ಬಲಿಗೆ ಹೂ ಕೊಯ್ಯುತ್ತಿದ್ದವಳು ಹಾಗೆಯೇ ಕುಸಿದಳು. ಮೆದುಳಿಗೆ ರಕ್ತ ಹೋಗುವ ದಾರಿ ಕಟ್ಟಿಕೊಂಡಿತ್ತಂತೆ. ಎರಡು ತಿಂಗಳಲ್ಲಿ ಕಾಲು ಬಂತು, ಕೈ ಬಂತು. ಮಾತು ಬರಲಿಲ್ಲ. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಹೇಳಬೇಕಾದ್ದೂ ಗೊತ್ತಿದೆ. ಬಾಯಿ ತೆರೆದರೆ ಗಾಳಿ ಮಾತ್ರ. ಅಕ್ಕನ ಮಾತು ಎಂದರೆ ಸಾಮಾನ್ಯವೇ? ನಾವುಂದದಲ್ಲಿ ಬಸ್ಸು ಹತ್ತಿ ಒಂದು ವಾಕ್ಯ ಶುರು ಮಾಡಿದರೆ ಕುಂದಾಪುರ ಕಳೆದು ತೆಕ್ಕಟ್ಟೆ ದಾಟಿದರೂ ಕ್ರಿಯಾಪದ ಬರುತ್ತಿರಲಿಲ್ಲ! ಆ ಮನೆಯಲ್ಲಿ ಮಾತಾಡುವ ಖಾತೆ ಪೂರ್ತಿ ಅವಳದ್ದು. ಭಾವನವರದ್ದು ಹೂಂಗುಟ್ಟುವ ಖಾತೆ.

ಕುಂದಾಪುರದಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಹೇಳಿದರು: "ಮಾತು ಬರಬಹುದು, ಬಾರದೆಯೂ ಇರಬಹುದು. ದಿನಾ ರೂಢಿಯಲ್ಲಿದ್ದ ಮಾತನ್ನು ಅವರೆದುರು ಅರ್ಧ ಹೇಳಿ ನಿಲ್ಲಿಸಿ. ಉಳಿದರ್ಧಕ್ಕೆ ಕಾಯಿರಿ. ಅವಸರ ಮಾಡಬೇಡಿ."

ಅವಸರ ಮಾಡಬೇಡಿ! ಕುಂದಾಪುರ–ಬೈಂದೂರು ಬಸ್ಸಿನ ಡ್ರೈವರಿಗೆ!

ಮರುದಿನವೇ ಭಾವನವರು ಬಸ್ಸಿನ ಕೀಲಿ ಧಣಿಗಳಿಗೆ ಒಪ್ಪಿಸಿ ಬಂದು ಅಕ್ಕನ ಪಕ್ಕ ಕೂತರು. ಕೂತರು ನಿಜ, ಕೈ ಕೂರಬೇಕಲ್ಲ? ಕೂತಲ್ಲೇ ಗಾಳಿಯಲ್ಲಿ ಸ್ಟೇರಿಂಗು ತಿರುಗಿಸುವರು, ನೆಲದ ಮೇಲೆ ಬ್ರೇಕು ಒತ್ತುವರು. ಒಮ್ಮೆ ನಾನು ಬ್ರಹ್ಮಾವರದಿಂದ ಹೋದಾಗ ಊಟದ ತಟ್ಟೆಯನ್ನು ಎಡಕ್ಕೆ ಕಾಲು ಸುತ್ತು, ಬಲಕ್ಕೆ ಅರ್ಧ ಸುತ್ತು ತಿರುಗಿಸುತ್ತಿದ್ದರು. ಮರವಂತೆಯ ತಿರುವು ಇರಬೇಕು. ಕನಿಕರದಿಂದ ಆಟ ಹಾಕಿಕೊಟ್ಟೆ. ಕನಿಕರದ ಫಲ ಏನೆಂದು ಕೇಳಿ.

ಮೊದಲ ದಿನವೇ ಭಾವನವರು ಮೊಬೈಲಿಗೆ ಕೈಮುಗಿದು ಕಣ್ಣಿಗೊತ್ತಿಕೊಂಡರು. ಮೂಲೆಗೊಂದು ಹೂ ಸಿಕ್ಕಿಸಿದರು. ಆಮೇಲೆ ಪಂಚೆಯ ಮೇಲೆ ಖಾಕಿ ಅಂಗಿ ತೊಟ್ಟು ಬಂದರು. ಗುಹೆ ತಿರುಗಿದ ಕಡೆಯೆಲ್ಲ "ಪೋಂ ಪೋಂ" ಎಂದು ಬಾಯಿಯಲ್ಲೇ ಹಾರ್ನು. ಅಂತರಿಕ್ಷದಲ್ಲಿ ಎದುರಿನಿಂದ ಯಾರು ಬರುತ್ತಾರೆ ಎಂದು ಕೇಳಿದೆ. "ಎದ್ರ್ ಬಪ್ಪವ್ರ್ ಹೇಳಿ ಬತ್ರಾ?" ಎಂದರು.

ಆಟದವರು ಧಾರಾಳಿಗಳು, ಒಂದು ಸರದಿಗೆ ಮೂರು ಹಡಗು ಕೊಡುತ್ತಾರೆ. ಭಾವನವರು ದಿನಕ್ಕೆ ಮುಟ್ಟುವುದು ಒಂದನ್ನೇ. "ಆಕ್ಸಿಡೆಂಟ್ ಮಾಡಿದ ಡ್ರೈವರಿಗೆ ಅದೇ ದಿನ ಇನ್ನೊಂದ್ ಬಸ್ ಯಾರ್ ಕೊಡ್ತ್ರ್?" ಎಂಬುದು ಅವರ ವಾದ. ಹಡಗು ಒಡೆದ ಮೇಲೆ ಮಹಜರು ಬೇರೆ. ಅಲ್ಲಿದ್ದವರೆಲ್ಲ ಸಾಕ್ಷಿಗಳು. ತನಿಖೆ ನ್ಯಾಯವಾಗಿ, ಸಾವಧಾನವಾಗಿ ನಡೆಯುತ್ತದೆ, ತೀರ್ಪು ಮಾತ್ರ ದಿನವೂ ಒಂದೇ: "ಗುಹೆ ರಾಂಗ್ ಸೈಡಂಗೆ ಬಂತ್."

ಇದೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಅವರ ಇನ್ನೊಂದು ನಿಯಮ. ಕಂಡಕ್ಟರ್ 'ರೈಟ್' ಎನ್ನದೆ ಡ್ರೈವರು ಬಸ್ಸು ಹೊರಡಿಸುವಂತಿಲ್ಲವಲ್ಲ? ಹಾಗೆಯೇ ಯಾರಾದರೂ 'ರೈಟ್' ಎನ್ನದೆ ಹಡಗು ಹೊರಡುವುದಿಲ್ಲ. ಶುರುವಿಗೆ ಮನೆಗೆ ಬಂದವರೆಲ್ಲರಿಗೂ ಈ ನೌಕರಿ ಸಿಕ್ಕಿತು. ಪಕ್ಕದ ಮನೆಯಾಕೆ ಕರಿಬೇವು ಕೇಳಲು ಬಂದರೆ, "ಹ್ವಾಯ್, ಒಂದ್ ರೈಟ್ ಹೇಳಿ ಹೋಯ್ನಿ!"

"ಒಲೆ ಮೇಲೆ ಎಣ್ಣೆ ಇಟ್ಟ್ ಬಂದಿದೆ ಮಾರಾಯ್ರೆ!"

"ಎಣ್ಣೆ ಕಾಯ್ಲಿ. ಬಸ್ ಕಾಯ್ತಾ ಇತ್ತ್."

ಆಕೆ ರೈಟ್ ಎಂದು ಕರಿಬೇವು ಮರೆತು ಓಡಿದಳು.

ಒಂದು ದಿನ ಈ ಕಾನೂನಿಗೆ ತಿದ್ದುಪಡಿಯಾಯಿತು. ನಾನು ಹೋದಾಗ ಹತ್ತೂವರೆ. ಹಡಗು ಗುಹೆಯ ಬಾಯಲ್ಲಿ ನಿಂತಿದೆ, ಭಾವನವರ ಹೆಬ್ಬೆರಳು ಮೇಲೆ ಎತ್ತಿಕೊಂಡಿದೆ. ಅವರು ಅಕ್ಕನ ಕಡೆಗೆ ಬಾಗಿ ಕಂಡಕ್ಟರನ ರಾಗದಲ್ಲಿ ಕೂಗುತ್ತಿದ್ದಾರೆ: "ಮರವಂತೆ, ತ್ರಾಸಿ, ಹೆಮ್ಮಾಡಿ, ತಲ್ಲೂರ್, ಕುಂದಾಪ್ರಾ... ಹತ್ತಿ ಆಯ್ತಾ? ಆಯ್ತ್. ಹಂಗಾರೆ..." ಅಷ್ಟಕ್ಕೆ ನಿಲ್ಲಿಸಿ ಕಾಯುತ್ತಾರೆ. ಅಕ್ಕ ಬಾಯಿ ತೆರೆಯುತ್ತಾಳೆ, ಕುತ್ತಿಗೆಯ ನರ ಉಬ್ಬುತ್ತದೆ. ಏನೂ ಬರುವುದಿಲ್ಲ. ಮತ್ತೆ ಮರವಂತೆಯಿಂದ ಶುರು.

ನೋಡಲಾಗದೆ ನಾನೇ ಹೇಳಿದೆ, "ರೈಟ್ ಭಾವ!"

ಅವರು ತಿರುಗಲೂ ಇಲ್ಲ. "ನೀನ್ ಪ್ಯಾಸೆಂಜರ್. ಪ್ಯಾಸೆಂಜರ್ ಹೇಳ್ರೆ ಬಸ್ ಹೊರಡ್ತಿಲ್ಲೆ. ಕೂಕೊ."

ಕೂತೆ. ಹನ್ನೊಂದಾಯಿತು, ಹನ್ನೆರಡಾಯಿತು. ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನವನಿಗೆ ಏಳು ತಲೆಮಾರಿನ ಸಹಸ್ರನಾಮ ಓದುತ್ತಿದ್ದ ಮನುಷ್ಯ! ನಡುವೆ ಎದ್ದು ಅಕ್ಕನಿಗೆ ನೀರು ಕುಡಿಸಿದರು, ಬಂಗುಡೆ ತೊಳೆದು ಉಪ್ಪು ಹಾಕಿಟ್ಟರು, ಬಂದು ಮತ್ತೆ ಹೆಬ್ಬೆರಳೆತ್ತಿ ಕೂತರು. ಕೊನೆಗೆ ಅಕ್ಕ ಸೋತು, ಮಂಚದ ಅಂಚನ್ನು ಎಡಗೈಯಿಂದ ಎರಡು ಸಲ ಬಡಿದಳು. "ಡಬಲ್ ಬೆಲ್ ಆಯ್ತ್! ಅಡ್ಡಿಲ್ಲ, ಅದೂ ನಡೀತ್ತ್" ಎಂದು ಹೊರಟರು. ಅರ್ಧ ನಿಮಿಷದಲ್ಲಿ ಢಂ. ಹತ್ತರಿಂದ ಊಟದವರೆಗಿನ ಆ ಯಾನದಲ್ಲಿ ಹಾರಾಟ ಅರ್ಧ ನಿಮಿಷದ್ದು, ಉಳಿದದ್ದೆಲ್ಲ ನಿಲ್ದಾಣದಲ್ಲಿ.

ನಾನು ಮನೆಗೆ ಬರುವ ದಾರಿಯಲ್ಲಿ ಬಹಳ ಯೋಚಿಸಿದೆ. ಡಾಕ್ಟರಮ್ಮ ಹೇಳಿದ್ದನ್ನು ನಾವೆಲ್ಲ ಕೇಳಿದ್ದೆವು. ನಾನೂ ಅಕ್ಕನ ಮುಂದೆ ಕೂತು "ಕಾಫಿಗೆ ಸಕ್ರೆ..." ಎಂದು ನಿಲ್ಲಿಸಿದವನೇ. ಎಷ್ಟು ಹೊತ್ತು ಕಾದೆ? ಹತ್ತು ಎಣಿಸುವಷ್ಟು. ಆಮೇಲೆ ನಾನೇ "ಸಾಕಾ?" ಎಂದು ಮುಗಿಸಿ, ಲೋಟ ಕೆಳಗಿಟ್ಟು, ಅತ್ತ ತಿರುಗಿ ಕೂತಿದ್ದೆ. ಪ್ರೀತಿ ಇಲ್ಲವೆಂದಲ್ಲ. ಇನ್ನೊಬ್ಬರ ಬಾಯಿಂದ ಬಾರದ ಮಾತಿನೆದುರು ಸುಮ್ಮನೆ ಕೂರುವುದು ಬಹಳ ಕಷ್ಟ. ನಮ್ಮ ಮಾತನ್ನೇ ತುರುಕಿ ಎದ್ದುಬಿಡುವುದು ಸುಲಭ.

ಹೀಗೆ ಐದು ತಿಂಗಳು. ಮಂಚದ ಅಂಚಿನ ಬಣ್ಣ ಒಂದು ಕಡೆ ಎದ್ದುಹೋಯಿತು. 'ರೈಟ್' ಬರಲಿಲ್ಲ. ಡಾಕ್ಟರಮ್ಮ ಕೂಡ ಈಚೆಗೆ "ನೋಡೋಣ" ಎನ್ನುವುದನ್ನು ಕಡಿಮೆ ಮಾಡಿದ್ದರು.

ಮೊನ್ನೆ ನಾನಿದ್ದಾಗಲೇ ಹಡಗು ಹೊರಟಿತು, ಎರಡು ಬಡಿತದ ಮೇಲೆ. ಆ ದಿನ ಭಾವನವರಿಗೆ ಅದೇನು ಆವೇಶವೋ! ಎಂದೂ ಕಾಣದ ಗುಹೆಗಳು, ಕೆಂಪಾದವು, ನೀಲಿಯಾದವು, ಸೂಜಿಯಷ್ಟು ಸಪೂರ ಸಂದುಗಳು, ಎಲ್ಲದರಲ್ಲೂ ಹಡಗು ನುಸುಳುತ್ತಿದೆ. ಅಕ್ಕ ದಿಂಬಿನಿಂದ ಎದ್ದು ಅವರ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದಳು. ಅವಳ ಬಿಸಿಯುಸಿರು ಕಿವಿಗೆ ತಾಗಿತೋ ಏನೋ, ಭಾವನವರು ಒಂದು ಕ್ಷಣ ಕತ್ತು ಹೊರಳಿಸಿ ಅವಳ ಮುಖ ನೋಡಿದರು. ಅಷ್ಟರಲ್ಲಿ ಪರದೆಯ ಮೇಲೆ ಕಲ್ಲಿನ ಗೋಡೆಯೊಂದು ಎದ್ದು ಬಂತು.

"ಎದ್ರ್... ಎದ್ರ್ ಕಾಣಿ!"

ಒರಟು ದನಿ, ಬಹಳ ದಿನ ಮುಚ್ಚಿದ್ದ ಕದ ತೆಗೆದ ಹಾಗೆ. ಆದರೂ ಪೂರ್ತಿ ಗದರಿಕೆ. ಅದರಲ್ಲಿ ಕ್ರಿಯಾಪದವೂ ಇತ್ತು!

ಹಡಗು ಢಂ ಎಂದಿತು. ಮಹಜರು ನಡೆಯಲಿಲ್ಲ. ಭಾವನವರು ಎದುರು ನೋಡಲೇ ಇಲ್ಲ. ಅಕ್ಕ ತನ್ನ ಮಾತಿಗೆ ತಾನೇ ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಮತ್ತೆ ಆ ಕೈಯಿಂದಲೇ ಅವರ ಗಲ್ಲ ಹಿಡಿದು, ಕಾಣಿ, ಕಾಣಿ ಎಂಬಂತೆ ಮೊಬೈಲಿನ ಕಡೆಗೆ ತಿರುಗಿಸಲು ನೋಡಿದಳು. ಅವರು ಮೊಬೈಲನ್ನು ಬೋರಲು ಹಾಕಿ, ಅವಳ ಕೈಯನ್ನು ಗಲ್ಲದ ಮೇಲೆಯೇ ಒತ್ತಿ ಹಿಡಿದುಕೊಂಡು ಹೇಳಿದರು:

"ಎದ್ರಂಗೆ ಎಂತ ಇತ್ತ್ ಮಾರಾಯ್ತಿ? ಬರೀ ಕಲ್ಲ್. ನೀನ್ ಹೇಳ್."