ಮಾಲಕಿ ಒಪ್ಪದ ಹೆರಿಗೆ ರಜೆ

ಅನಿಲ: ಕೇಳೂದು ಯಾರ್ನ? ಅಂಗಡಿ ನಿಂದು. ಮಾಲಕಿ ನೀನ, ಕೆಲಸದಾಕಿನೂ ನೀನ. ರಜಾ ಬೇಕಂದ್ರ ತಗೊಂಡ ಬಿಡೂದು.

ಕಾಜಲ್: ಅಲ್ಲೇ ಬಂದೈತ್ರಿ ತ್ರಾಸು. ಕೆಲಸದಾಕಿ ಕೇಳಾಕ ತಯಾರ ಅದಾಳ. ಮಾಲಕಿ ಕೊಡಾಕ ತಯಾರಿಲ್ಲ.

ದಾಂಡೇಲಿಯ ಬಂಗೂರನಗರದಲ್ಲಿ ಮನೆಯ ಮುಂದಿನ ಕೋಣೆಯೇ ಕಾಜಲ್‌ಳ ಹೊಲಿಗೆ ಅಂಗಡಿ. ಅವಳಿಗೀಗ ಎಂಟು ತಿಂಗಳು. ಹೊಟ್ಟೆ ಮುಂದೆ ಬಂದಂತೆ ಕುರ್ಚಿ ಹಿಂದೆ ಸರಿದಿತ್ತು. ಕುರ್ಚಿ ಸರಿದಂತೆ ಮಿಷನ್ನಿನ ಸೂಜಿ ದೂರವಾಗಿತ್ತು. ಈಚೆಗೆ ಅವಳು ಎರಡೂ ಕೈ ಉದ್ದಕ್ಕೆ ಚಾಚಿ, ಬಸ್ಸು ಓಡಿಸುವವರಂತೆ ಬ್ಲೌಸು ಹೊಲಿಯುತ್ತಿದ್ದಳು. ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಗಂಡ ಅನಿಲ ಪಾಳಿ ಮುಗಿಸಿ ಬಂದವನೇ ಇದನ್ನು ನೋಡಿ ಮಿಷನ್ನಿನ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದ.

ಅನಿಲ: ಮಾಲಕಿ ಯಾಕ ಕೊಡಂಗಿಲ್ಲಂತ?

ಕಾಜಲ್: ತುಳಸಿ ಲಗ್ನ ಮುಗದೈತಿ, ಇನ್ನ ಮದುವಿ ಸುರು. ಈಗ ಬಾಗಲಾ ಹಾಕಿದ್ರ ಗಿರಾಕಿ ಎಲ್ಲಾ ಟೇಲರ್ ಸಲೀಂ ಮಾಸ್ತರ ಅಂಗಡಿಗೆ ಹೋಗ್ತಾರ. ಹೋದವರು ತಿರುಗಿ ಬರ್ತಾರೇನು? ಒಬ್ಬೊಬ್ಬರನ್ನ ಹಿಡದ ಕೂಡಿಸಿದ ಗಿರಾಕಿರಿ ಇವು.

ಅನಿಲ: ಕರಿ ಆ ಮಾಲಕಿನ್ನ. ನಾ ಮಾತಾಡ್ತೇನಿ.

ಕಾಜಲ್: ಕರ್ಯಾಕ ಏನೈತಿ, ಇಲ್ಲೇ ಕುಂತಾಳ.

ಅನಿಲ: ಹಂಗಾರ ನಾನ ಕೆಲಸದಾಕಿ.

ಅವನು ಟವೆಲ್ಲನ್ನು ಸೆರಗಿನಂತೆ ಹೆಗಲ ಮೇಲೆ ಹೊದ್ದುಕೊಂಡ. ಸೊಂಟದ ಮೇಲೆ ಕೈಯಿಟ್ಟು ಒಂದು ನಿಟ್ಟುಸಿರನ್ನೂ ಬಿಟ್ಟ.

ಅನಿಲ: ಬಾಯಾರ, ನನಗ ಎಂಟ ತಿಂಗಳಾತ್ರಿ. ರಜಾ ಬೇಕಾಗಿತ್ತು.

ಕಾಜಲ್ ನಗಬೇಕೆಂದಿದ್ದಳು. ಬಾಯಿಂದ ಬಂದದ್ದು ಬೇರೆ.

ಕಾಜಲ್: ಈಗ? ಸೀಜನ್‌ದಾಗ? ಮಳಿಗಾಲದಾಗ ಹಡದಿದ್ರ ಏನಾಗ್ತಿತ್ತ ನಿನಗ? ಆಗ ಅಂಗಡಿ ಖಾಲೀನ ಇತ್ತಲ್ಲ.

ಅನಿಲ: ನಾ ಒಬ್ಬಾಕಿನ ಠರಾಯಿಸಿದ್ದಲ್ರೀ ಬಾಯಾರ. ನಮ್ಮ ಮನಿಯವರದೂ ಪಾಲೈತಿ.

ಕಾಜಲ್: ಮನಿಯವರ ಹೆಸರ ಹೇಳಬ್ಯಾಡ. ಹೊಟ್ಟಿ ಬಂದೈತಿ ಖರೆ, ಕೈ ಚಲೋನ ಅದಾವಲ್ಲ? ಹೊಲಿಯೂದು ಕೈಲೆ.

ಅನಿಲ: ಕಾಲ ಬಾತಾವ್ರಿ.

ಕಾಜಲ್: ಕರೆಂಟಿನ ಮಿಷನ್ ಕೊಡಸೇನಿ. ಕಾಲಿಂದೇನ ಕೆಲಸ? ನೆವಾ ಹುಡುಕ್ಕೊಂಡ ಬರ್ತಿ.

ಹೇಳಿ ಮುಗಿಸಿದ ಮೇಲೆ ಕಾಜಲ್ ತನ್ನ ಬಾತ ಕಾಲುಗಳನ್ನು ನೋಡಿಕೊಂಡಳು. ಮದುವೆಗೆ ಮುಂಚೆ ಕಾಜಲ್ ಹಳಿಯಾಳದ ಒಂದು ಬಟ್ಟೆ ಅಂಗಡಿಯಲ್ಲಿ ಹೊಲಿಯುತ್ತಿದ್ದಳು. ಆ ಮಾಲಕ ಬಲು ಬಿಗಿ ಮನುಷ್ಯನೆಂದು ಹೆಸರಾಗಿದ್ದ. ಜ್ವರ ಬಂದರೆ ಅಂಥವನೂ ಅರ್ಧ ದಿನ ರಜೆ ಕೊಡುತ್ತಿದ್ದನೆಂಬುದು ಅವಳಿಗೆ ಈಗ ನೆನಪಾಯಿತು.

ಅನಿಲ: ಇಂಥಾ ಮಾಲಕಿ ಕೈಯಾಗ ನನ್ನ ಹೇಂತಿ ದುಡಿಯೂದು ಬ್ಯಾಡ. ನೌಕರಿ ಬಿಡಸ್ತೇನಿ.

ಕಾಜಲ್: ಬಿಡಸ್ರಿ ನೋಡೂಣು. ಇಂಥಾಕಿ ಇನ್ನೊಬ್ಬಾಕಿ ಸಿಗಬೇಕಲ್ಲ! ನನ್ನ ಬ್ಲೌಸ್ ಇಲ್ಲದ ಈ ಓಣ್ಯಾಗಿನ ಹೆಣಮಕ್ಕಳು ಮದುವಿಗೆ ಹೋಗ್ತಾರೇನು? ಮದುವಿ ನಿಂದರ್ತಾವ, ಮದುವಿ.

ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಎದುರು ಮನೆಯ ಗೋದುಬಾಯಿ ಒಳಗೆ ಬಂದರು. ಕಾಜಲ್ ಅಂಗಡಿ ತೆರೆದ ದಿನ ಮೊದಲ ಬ್ಲೌಸು ಕೊಟ್ಟವರು ಅವರೇ. ದಾಂಡೇಲಿ ಸೀಮೆಯ ರಾಮನಗರದಲ್ಲಿ ಅವರ ಅಣ್ಣನ ಮಗಳ ಮದುವೆಯಿತ್ತು. ಕೈಯಲ್ಲಿ ಬಟ್ಟೆಯ ಚೀಲವಿತ್ತು. ಕಾಜಲ್ ಚೀಲವನ್ನು ನೋಡಿ, ಗೆದ್ದವಳಂತೆ ಗಂಡನನ್ನು ನೋಡಿದಳು.

ಅನಿಲ: (ಮೆಲ್ಲಗೆ) ಹೇಳಿ ಬಿಡು. ಮಾವಶಿಗೆ ಹೇಳಿದ್ರ ಓಣಿಗೆಲ್ಲಾ ಹೇಳಿದಂಗ.

ಕಾಜಲ್: ಮಾವಶಿ, ಕುಂದರ್ರಿ. ಗಾಬರಿ ಆಗಬ್ಯಾಡ್ರಿ. ಮೂರ ತಿಂಗಳು ಅಂಗಡಿ ಮುಚ್ಚಬೇಕಂತ ಮಾಡೇನಿ.

ಗೋದುಬಾಯಿ: ಹೌದ? ಚಲೋ ಆತ ಬಿಡು.

ಕಾಜಲ್: ಮೂರ ತಿಂಗಳ್ರಿ. ಮೂರ ದಿನಾ ಅಲ್ಲ.

ಗೋದುಬಾಯಿ: ಮೂರ ಯಾಕ? ಆರ ಮಾಡು. ಕೂಸು ಎದ್ದ ಕುಂದ್ರಲಿ.

ಕಾಜಲ್: ಮತ್ತ ರಾಮನಗರದ ಮದುವಿಗೆ ನಿಮ್ಮ ಬ್ಲೌಸು?

ಗೋದುಬಾಯಿ: ಅದು ಆಗೇತವ್ವಾ. ಈಗ ಸಲೀಂ ಮಾಸ್ತರ ಕಡಿಂದ ಇಸಗೊಂಡ ಬಂದೆ. ನಿನಗ್ಯಾಕ ತ್ರಾಸು ಅಂತ ಓಣ್ಯಾಗಿನವರೆಲ್ಲಾ ಅಲ್ಲೇ ಕೊಟ್ಟೇವಿ.

ಅನಿಲ ಗೋಡೆಯ ಕಡೆ ತಿರುಗಿಕೊಂಡ. ಅವನ ಭುಜಗಳು ಕುಲುಕುತ್ತಿದ್ದವು.

ಕಾಜಲ್: ಎಲ್ಲಾರೂ?

ಗೋದುಬಾಯಿ: ಎಲ್ಲಾರೂ.

ಕಾಜಲ್: ಹಂಗಾರ ಎರಡ ತಿಂಗಳ ಸಾಕು.

ಅನಿಲ: ಏನಂದಿ?

ಕಾಜಲ್: ಒಂದ ತಿಂಗಳು. ತೊಟ್ಟಿಲಾ ಇಲ್ಲೇ ಮಿಷನ್ ಬಾಜೂಕ ಕಟ್ರಿ. ಕೂಸು ಮಲಗಿದಾಗ ಹೊಲಿತೇನಿ.

ಅನಿಲ: ಮಾವಶಿ, ನಿಮ್ಮ ಕೈ ಮುಗೀತೇನಿ, ಮಾತು ಸಾಕ ಮಾಡ್ರಿ. ಇಲ್ಲಾಂದ್ರ ಈಕಿ ಮಿಷನ್ ಹೊತ್ಕೊಂಡ ದವಾಖಾನಿಗೆ ಹೊಂಡ್ತಾಳ.

ಕಾಜಲ್: ಆ ಬ್ಲೌಸ್ ಒಂದೀಟ ತೋರಸ್ರಿ.

ಗೋದುಬಾಯಿ ಚೀಲದಿಂದ ಬ್ಲೌಸು ತೆಗೆದುಕೊಟ್ಟರು. ಕಾಜಲ್ ಅದನ್ನು ಬೆಳಕಿಗೆ ಹಿಡಿದಳು, ಒಳಗು ಹೊರಗು ಮಾಡಿದಳು, ಹೊಲಿಗೆಯನ್ನು ಉಗುರಿನಿಂದ ಎಳೆದು ನೋಡಿದಳು. ತಪ್ಪು ಸಿಗಲಿಲ್ಲ. ಆದರೆ ಬೆನ್ನಿನ ಕೊರಳು ತಿರುಗಿದ ರೀತಿಯನ್ನು ಎಲ್ಲೋ ನೋಡಿದಂತಿತ್ತು.

ಕಾಜಲ್: ಮಾಸ್ತರ ಅಳತಿ ಹೆಂಗ ತಗೊಂಡ್ರು?

ಗೋದುಬಾಯಿ: ಟೇಪ್ ಹಚ್ಚಲೇ ಇಲ್ಲ. ನೀ ಹೊಲದ ಹಳೇ ಬ್ಲೌಸ್ ಒಂದ ಅಳತಿಗಂತ ಕೊಟ್ಟೆ.

ಕಾಜಲ್: ಉಳದವರು?

ಗೋದುಬಾಯಿ: ಅವರೂ ನೀ ಹೊಲದದ್ದನ್ನ ಕೊಟ್ಟಾರ. ಮತ್ತ್ಯಾರದು ಐತಿ ನಮ್ಮ ಹತ್ರ?

ಕಾಜಲ್‌ಳ ಬೆನ್ನು ನೆಟ್ಟಗಾಯಿತು. ಎಂಟು ತಿಂಗಳಿನಿಂದ ಅದು ಅಷ್ಟು ನೆಟ್ಟಗಾಗಿದ್ದನ್ನು ಅನಿಲ ನೋಡಿರಲಿಲ್ಲ.

ಕಾಜಲ್: ಕೇಳಿದ್ರೇನ್ರಿ? ಮಿಷನ್ ಮಾಸ್ತರದು, ಕಟಿಂಗ್ ನಂದು! ನಾ ಮಲಗಿದ್ರೂ ಓಣ್ಯಾಗ ನನ್ನ ಬ್ಲೌಸೇ ತಿರಗ್ಯಾಡ್ತಾವ. ಗಿರಾಕಿ ಎಲ್ಲಿಗೂ ಹೋಗಿಲ್ಲ.

ಅನಿಲ: ಅಂದ್ರ ಮಾಲಕಿ ಒಪ್ಪಿದ್ಲು?

ಕಾಜಲ್: ಆರ ತಿಂಗಳು. ಮಿಷನ್‌ಗೆ ಹೊದಿಕಿ ಹಾಕ್ರಿ.

ಮನಸ್ಸು ಬದಲಾಗುವ ಮೊದಲೇ ಅನಿಲ ಹೊದಿಕೆ ಹಾಕಿದ. ಕಾಜಲ್ ಬಾತ ಕಾಲುಗಳನ್ನು ಸ್ಟೂಲಿನ ಮೇಲಿಟ್ಟು ದೊಡ್ಡ ಕಾರಖಾನೆಯ ಒಡತಿಯಂತೆ ಹಿಂದಕ್ಕೊರಗಿದಳು. ಗೋದುಬಾಯಿ ಬ್ಲೌಸನ್ನು ಮಡಚಿ ಚೀಲಕ್ಕೆ ಹಾಕಿ ಎದ್ದರು. ಬಾಗಿಲವರೆಗೆ ಹೋದವರು ನಿಂತರು.

ಗೋದುಬಾಯಿ: ಸಿಟ್ಟಾಗಬ್ಯಾಡ ಕಾಜಲ್. ಮಾಸ್ತರ ಒಂದ ಕಡೆ ಮಾತ್ರ ಬದಲ ಮಾಡ್ಯಾರ.

ಕಾಜಲ್: ಎಲ್ಲಿ?

ಗೋದುಬಾಯಿ: ತೋಳ ಒಂಚೂರು ಸಡಲ ಮಾಡ್ಯಾರ. ನಿನ್ನ ಬ್ಲೌಸ್ ಹಾಕ್ಕೊಂಡ್ರ ಕೈ ಮ್ಯಾಲ ಏಳ್ತಿದ್ದಿಲ್ಲವ್ವಾ. ಕುಂಬಾರವಾಡದ ಬಸ್ಸಿನ್ಯಾಗ ಮ್ಯಾಲಿನ ಸರಳ ಹಿಡಿಯಾಕ ಆಗ್ದ ಎರಡ ಸರ್ತಿ ಕಂಡಕ್ಟರ್ ಮ್ಯಾಲ ಬಿದ್ದೇನಿ.

ಕಾಜಲ್: ಉಳದವರದೂ ಸಡಲ ಮಾಡ್ಯಾರೇನು?

ಗೋದುಬಾಯಿ: ಎಲ್ಲಾರ್ದೂ.

ಕಾಜಲ್: ಇಷ್ಟ ವರ್ಷ ಯಾಕ ಹೇಳಲಿಲ್ರಿ ಮತ್ತ?

ಗೋದುಬಾಯಿ: ನೀ ರಜಾ ತಗೊಳ್ಳೂದನ್ನ ಕಾಯಾಕತ್ತಿದ್ವಿ.

ಅನಿಲ ಹೆಂಡತಿಯ ಮುಖ ನೋಡಿದ. ಕಾಜಲ್ ಒಮ್ಮೆ ಮಿಷನ್ನನ್ನು ನೋಡಿದಳು, ಒಮ್ಮೆ ಗೋದುಬಾಯಿಯ ತೋಳುಗಳನ್ನು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ಮೊದಲು ನಕ್ಕವಳು ಅವಳೇ.

ಕಾಜಲ್: ಇರ್ಲಿ ಬಿಡ್ರಿ, ಹೊದಿಕಿ ತಗೀಬ್ಯಾಡ್ರಿ. ಈ ರಜಾ ನನಗಲ್ಲ, ಓಣಿ ಹೆಣಮಕ್ಕಳ ರಟ್ಟಿಗೆ ಕೊಟ್ಟದ್ದು.